ಪೈಲ್ವಾನನ ನಡಿಗೆ ಅಂದುಕೊಂಡದ್ದು

ಹೋದ ವಾರ ರಾಮಸಮುದ್ರದಿಂದ ಒಬ್ಬ ಅಜ್ಜಿ ಮೊಣಕಾಲು ನೋವೆಂದು ಯಾದಗಿರಿಯ ನನ್ನ ಕ್ಲಿನಿಕ್ಕಿಗೆ ಬಂದಿದ್ದಳು. ಸೀರೆ ಮೇಲೆತ್ತಿ ಕಾಲು ಚಾಚಿದ ಕೂಡಲೇ ಬೆಳ್ಳುಳ್ಳಿ, ಅಜವಾನ ಹಾಕಿ ಕಾಯಿಸಿದ ಎಳ್ಳೆಣ್ಣೆಯ ವಾಸನೆ ಕೋಣೆ ತುಂಬಿತು. ಫಿಸಿಯೋಥೆರಪಿ ಮಾಡುವವಳಿಗೆ ಎಣ್ಣೆ ವಾಸನೆ ಹೊಸದೇನಲ್ಲ. ನಮ್ಮ ಕಡೆ ಎಲ್ಲರೂ ಮೊದಲು ಎಣ್ಣೆ ಹಚ್ಚಿ ತಿಕ್ಕಿ, ಅದರಿಂದ ಗುಣವಾಗದೆ ಹೋದಾಗ ನಮ್ಮ ಹತ್ತಿರ ಬರುತ್ತಾರೆ. ಅದಕ್ಕೆ ನಾನು ದಿನಕ್ಕೊಬ್ಬರನ್ನಾದರೂ ಗದರುತ್ತೇನೆ. ಅವತ್ತು ಗದರಲಿಲ್ಲ. ಅಜ್ಜಿ ಹೋದ ಮೇಲೆ ಸೋಪು ಹಚ್ಚಿ ಕೈ ತೊಳೆದೆ, ವಾಸನೆ ಹೋಗಲಿಲ್ಲ. ಅಂಥದ್ದೇ ಎಣ್ಣೆಯನ್ನು ಹಿತ್ತಾಳೆ ಬಟ್ಟಲಲ್ಲಿ ಬಿಸಿ ಮಾಡಿಕೊಂಡು, ಮೊಮ್ಮಗನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಬೆಳಗಿನ ಬಿಸಿಲಿಗೆ ಕಟ್ಟೆಯ ಮೇಲೆ ಕೂರುತ್ತಿದ್ದ ಒಬ್ಬರು ನೆನಪಾದರು...

ನಾವು ಆಗ ಶಹಾಪುರದಲ್ಲಿದ್ದೆವು. ಓಣಿಯ ಒಂದು ಬದಿಗೆ ನಮ್ಮ ಮನೆ, ಎದುರಿಗೆ ತಾಲೀಮು. ಬೇರೆ ಕಡೆಯವರು ಗರಡಿಮನೆ ಎನ್ನುವುದನ್ನು ನಮ್ಮಲ್ಲಿ ತಾಲೀಮು ಎನ್ನುತ್ತಾರೆ. ತಗ್ಗು ಬಾಗಿಲು, ಒಳಗೆ ಕೆಮ್ಮಣ್ಣಿನ ಅಖಾಡ, ಗೋಡೆಗೆ ಒರಗಿಸಿಟ್ಟ ಮರದ ಗದೆಗಳು. ಅದಕ್ಕೆ ಅಂಟಿಕೊಂಡೇ ಇದ್ದ ಎರಡು ಕೋಣೆಯ ಮನೆ ಉಸ್ತಾದರದು. ಅವರಿಗೊಂದು ಹೆಸರಿತ್ತು ನಿಜ, ಆದರೆ ಅದು ಓಣಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ದೊಡ್ಡವರಿಗೆ ಅವರು ಉಸ್ತಾದ್, ನನಗೆ ಕಾಕಾ. ಹಗಲು ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಅಂಡಿಗೆ, ಅಂದರೆ ದೊಡ್ಡ ಮೂಟೆ, ಎತ್ತುವ ಕೆಲಸ, ನಸುಕಿನಲ್ಲಿ ತಾಲೀಮು. ಹೊಟ್ಟೆ ತುಂಬಿಸುತ್ತಿದ್ದದ್ದು ಮಿಲ್ಲು. ಆದರೂ ಯಾರಾದರೂ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರೆ ಅವರು ಮಿಲ್ಲಿನ ಮಾತೇ ಎತ್ತುತ್ತಿರಲಿಲ್ಲ.

ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಕುಸ್ತಿಯ ಕಾಲ ಮುಗಿಯುತ್ತ ಬಂದಿತ್ತು. ಬಜಾರದ ಕಡೆಯ ನಾಲ್ಕಾರು ಹುಡುಗರು ಬರುತ್ತಿದ್ದರು, ಮದುವೆಯಾದ ಮೇಲೆ ಬಿಡುತ್ತಿದ್ದರು. ಉಸ್ತಾದರು ಮಾತ್ರ ಅಖಾಡದ ಮಣ್ಣನ್ನು ತಾವೇ ಅಗೆದು, ಅರಿಶಿಣ ಮಜ್ಜಿಗೆ ಬೆರೆಸಿ, ಹೆಂಗಸರು ಹಿಟ್ಟು ನಾದುವಷ್ಟು ಮುತುವರ್ಜಿಯಿಂದ ಹದ ಮಾಡುತ್ತಿದ್ದರು. ಹೊಸ ಹುಡುಗ ಬಂದರೆ ಅವನ ಹೆಸರು ಕೇಳುವುದಿಲ್ಲ, ಯಾರ ಮಗ ಎಂದು ಕೇಳುವುದಿಲ್ಲ. ಬಗ್ಗಿ ಅವನ ಮೀನಖಂಡ ಹಿಡಿದು, ಮಾವಿನಕಾಯಿ ಹಿಸುಕಿ ನೋಡಿದ ಹಾಗೆ ಒತ್ತಿ ನೋಡುತ್ತಿದ್ದರು. ಮೀನಖಂಡಕ್ಕೆ ಅವರು ತಮ್ಮ ಮಾತಿನಲ್ಲಿ ಪಿಂಡ್ಲಿ ಎನ್ನುತ್ತಿದ್ದರು.

"ಮಾರಿ ನೋಡಿ ಏನ್ ತಿಳೀತದ ಬೇಟಾ? ಮಾರಿ ಸುಳ್ಳ ಹೇಳ್ತದ. ಪಿಂಡ್ಲಿ ಹೇಳಂಗಿಲ್ಲ" ಎಂದು ನನಗೊಮ್ಮೆ ಹೇಳಿದ್ದರು. ಅದು ಅವರ ಕಸುಬಿನ ಮೊದಲ ಪಾಠವಾಗಿತ್ತು. ಅದನ್ನು ನಂಬಿಯೇ ಅವರು ಹಾಳಾದರು.

ಅವರಿಗೆ ಗಂಡುಮಕ್ಕಳಿರಲಿಲ್ಲ, ಇದ್ದವಳು ಒಬ್ಬಳೇ ಮಗಳು. ಅವಳನ್ನು ನಾನು ಆಪಾ ಎನ್ನುತ್ತಿದ್ದೆ. ಸುರಪುರಕ್ಕೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಇನ್ನೂ ಅಂಬೆಗಾಲಿಡುತ್ತಿದ್ದ ಮಗನನ್ನು ಎತ್ತಿಕೊಂಡು ತವರಿಗೆ ಬಂದಳು. ಆ ಕೂಸು ನಡೆಯುವುದನ್ನು ಕಲಿಯಲು ಬಹಳ ತಡ ಮಾಡಿತು. ದಪ್ಪ ಕೂಸುಗಳು ತಡವಾಗಿಯೇ ನಡೆಯುತ್ತವೆ ಎಂದು ಓಣಿಯ ಹೆಂಗಸರೆಲ್ಲ ಸಮಾಧಾನ ಹೇಳಿದರು. ನಡೆಯಲು ಶುರು ಮಾಡಿದ ಮೇಲೆ ಮಾತ್ರ ಎಲ್ಲರ ಕಣ್ಣೂ ಅದರ ಕಾಲಿನ ಮೇಲೆಯೇ. ಅಷ್ಟು ಸಣ್ಣ ಹುಡುಗನಿಗೆ ಅಂಥ ಮೀನಖಂಡಗಳನ್ನು ನಾವು ಯಾರೂ ನೋಡಿರಲಿಲ್ಲ. ದುಂಡಗೆ, ಗಟ್ಟಿಯಾಗಿ, ಉಬ್ಬಿಕೊಂಡು... ಉಸ್ತಾದರು ಮುಟ್ಟಿ ಮುಟ್ಟಿ ನೋಡಿದರು. ಓಣಿಯ ಗಂಡಸರನ್ನು ಕರೆದು ಕರೆದು ಮುಟ್ಟಿಸಿದರು. ನಮ್ಮವ್ವ ಸಂಜೆಗೊಮ್ಮೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಅವನ ದೃಷ್ಟಿ ತೆಗೆಯುತ್ತಿದ್ದಳು.

ಅವನ ನಡಿಗೆಯೂ ಹಾಗೆಯೇ ಇತ್ತು. ಎದೆ ಹೊಟ್ಟೆ ಮುಂದೆ, ಭುಜ ಹಿಂದೆ, ಕಾಲು ಅಗಲಿಸಿಕೊಂಡು ಆ ಕಡೆ ಈ ಕಡೆ ತೂಗಾಡುತ್ತ, ತುದಿಗಾಲಲ್ಲಿ ಬರುತ್ತಿದ್ದ. ಗೆದ್ದ ಪೈಲ್ವಾನ ಅಖಾಡ ಸುತ್ತುವುದೂ ಹಾಗೆಯೇ. ಓಣಿಯವರು ಅವನಿಗೆ ಛೋಟೆ ಪೈಲ್ವಾನ್ ಎಂದು ಹೆಸರಿಟ್ಟರು. ಬರುವಾಗ ಹೋಗುವಾಗ ಅವನನ್ನು ನಿಲ್ಲಿಸಿ ನಡೆಸಿ ನೋಡಿ ನಗುತ್ತಿದ್ದರು, ನಾನೂ ನಕ್ಕಿದ್ದೇನೆ. ಮುಚ್ಚಿಹೋಗಲಿದ್ದ ತಾಲೀಮಿಗೆ ವಾರಸುದಾರ ಸಿಕ್ಕ ಎಂದು ಉಸ್ತಾದರ ಮುಖದಲ್ಲಿ ಆಗ ಇದ್ದ ಕಳೆಯನ್ನು ಮತ್ತೆ ಎಂದೂ ನೋಡಲಿಲ್ಲ.

ನಾನು ಕಲಬುರಗಿಗೆ ಫಿಸಿಯೋಥೆರಪಿ ಓದಲು ಹೋದೆ. ಅಲ್ಲಿ ನಡಿಗೆಯ ಪಾಠ ಶುರುವಾದ ಮೇಲೆ ನನಗೊಂದು ಚಾಳಿ ಹತ್ತಿತು. ಮಂದಿಯ ಮುಖ ನೋಡುವುದು ಬಿಟ್ಟು ಕಾಲು ನೋಡತೊಡಗಿದೆ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತರೆ ಬಸ್ಸು ಹೋದದ್ದೂ ತಿಳಿಯುತ್ತಿರಲಿಲ್ಲ. ಹಿಮ್ಮಡಿ ಮೊದಲು ನೆಲ ಮುಟ್ಟುತ್ತದೆ. ಆಗ ಮೊಣಕಾಲಿನ ಕೆಳಗೆ ಮುಂಭಾಗದಲ್ಲಿರುವ ಸ್ನಾಯು ಪಾದವನ್ನು ಹಿಡಿದು ಮೆಲ್ಲಗೆ ಇಳಿಸುತ್ತದೆ, ಇಲ್ಲದಿದ್ದರೆ ಪಾದ ಪಟ್ಟೆಂದು ಬಡಿಯುತ್ತದೆ. ಮೈಭಾರ ಬಿದ್ದಾಗ ಮೊಣಕಾಲು ಒಂದಿಷ್ಟು ಮಡಚುತ್ತದೆ, ಪೂರಾ ಮಡಚಿ ಮನುಷ್ಯ ಕುಸಿಯದಂತೆ ತೊಡೆಯ ಮುಂದಿನ ಸ್ನಾಯು ತಡೆಯುತ್ತದೆ. ಒಂದು ಕಾಲು ಗಾಳಿಯಲ್ಲಿರುವಾಗ ಊರಿದ ಕಾಲಿನ ಕಡೆಯ ಚಪ್ಪೆಯ, ಅಂದರೆ ತೊಡೆಯ ಮೇಲಿನ ಕೀಲಿನ, ಸ್ನಾಯು ಸೊಂಟವನ್ನು ಸಮನಾಗಿ ಹಿಡಿದಿರುತ್ತದೆ. ಕೊನೆಗೆ ಮೀನಖಂಡ ಹಿಮ್ಮಡಿಯನ್ನು ಎತ್ತಿ ಮೈಯನ್ನು ಮುಂದಕ್ಕೆ ನೂಕುತ್ತದೆ. ಒಂದು ಸ್ನಾಯು ಬಿಗಿದಾಗ ಅದರ ಎದುರಿನದು ಸಡಿಲ ಬಿಡಬೇಕು. ಇಬ್ಬರು ಹಿಡಿದು ಮರ ಕೊಯ್ಯುವ ಗರಗಸದಂತೆ, ಒಬ್ಬ ಎಳೆಯುವಾಗ ಇನ್ನೊಬ್ಬ ಬಿಟ್ಟುಕೊಡದಿದ್ದರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇಷ್ಟೆಲ್ಲ ಆಗುವುದು ಒಂದೇ ಹೆಜ್ಜೆಯೊಳಗೆ. ನಡೆಯುವವನಿಗೆ ಇದರ ಖಬರೇ ಇರುವುದಿಲ್ಲ. ಆ ದಿನಗಳಲ್ಲಿ ನನಗೆ ಇದೆಲ್ಲ ಎಷ್ಟು ಚೆಂದ ಕಾಣುತ್ತಿತ್ತೆಂದರೆ, ಸುಮ್ಮನೆ ನಡೆದು ಹೋಗುವವರನ್ನು ನಿಲ್ಲಿಸಿ ಹೇಳಬೇಕು ಅನಿಸುತ್ತಿತ್ತು.

ಆ ಚಾಳಿ ಹೊತ್ತುಕೊಂಡೇ ರಜೆಗೆ ಶಹಾಪುರಕ್ಕೆ ಬಂದೆ. ಹುಡುಗ ಆಗಷ್ಟೇ ಶಾಲೆಗೆ ಸೇರಿದ್ದ. ಬೆಳಿಗ್ಗೆ ಆಪಾಳಿಗೆ ನಮ್ಮವ್ವ ಮಾಡಿದ ಹೋಳಿಗೆ ಕೊಡಲು ಹೋದಾಗ ತಾಲೀಮಿನ ಬಾಗಿಲು ತೆರೆದಿತ್ತು. ಹೊಸದಾಗಿ ಅಗೆದ ಮೆತ್ತನೆಯ ಮಣ್ಣಿನ ಮೇಲೆ ಅವನ ಹೆಜ್ಜೆಗಳಿದ್ದವು. ಬೆರಳುಗಳ ಗುರುತು, ಪಾದದ ಮುಂದಿನ ಗುರುತು... ಹಿಮ್ಮಡಿಯ ಗುರುತೇ ಇಲ್ಲ. ಉಸ್ತಾದರು ಅವನಿಂದ ಬಸ್ಕಿ ಹೊಡೆಸುತ್ತಿದ್ದರು. ಕುಳಿತವನು ಏಳಬೇಕಿತ್ತು. ಅವನು ಮೊದಲು ಎರಡೂ ಕೈಗಳನ್ನು ಮಣ್ಣಿಗೆ ಊರಿದ. ಆಮೇಲೆ ಒಂದು ಕೈಯನ್ನು ಮೊಣಕಾಲ ಮೇಲೆ, ಇನ್ನೊಂದನ್ನು ತೊಡೆಯ ಮೇಲೆ ಇಟ್ಟು, ತನ್ನ ಕಾಲನ್ನು ತಾನೇ ಏಣಿಯ ಹಾಗೆ ಹತ್ತಿ ಎದ್ದು ನಿಂತ. ಎದ್ದು ನಿಂತು ನನ್ನನ್ನು ನೋಡಿ ನಕ್ಕ.

ಹಾಗೆ ಏಳುವ ಮಗುವಿನ ಚಿತ್ರವನ್ನು ನಾನು ಆಗಲೇ ಪುಸ್ತಕದಲ್ಲಿ ನೋಡಿದ್ದೆ. ಕೆಳಗಿನ ವಿವರಣೆಯನ್ನೂ ಓದಿದ್ದೆ. ಹೋಳಿಗೆಯ ತಟ್ಟೆ ಅಲ್ಲೇ ಕಟ್ಟೆಯ ಮೇಲಿಟ್ಟು ಮನೆಗೆ ಬಂದು ಅತ್ತೆ. ಮರುದಿನ ಉಸ್ತಾದರ ಮುಂದೆ ಕುಳಿತು, ಹುಡುಗನನ್ನು ದೊಡ್ಡ ಡಾಕ್ಟರಿಗೆ ತೋರಿಸಿರಿ, ಇವನ ಕಾಲು ಬಲದಿಂದ ದಪ್ಪ ಆಗಿದ್ದಲ್ಲ, ಸ್ನಾಯುವಿನ ರೋಗ ಇರಬಹುದು, ಬಸ್ಕಿ ಬಿಡಿಸಿರಿ ಎಂದು ಹೇಳಿದೆ.

ಅವರು ನನ್ನನ್ನೇ ತಿರುಗಿ ಕೇಳಿದರು.

"ನೀ ಓದಾಕ ಹೋಗಿ ಎಷ್ಟ್ ದಿನ ಆತು ಬೇಟಾ? ಊರೆಲ್ಲ ಮುಟ್ಟಿ ನೋಡಿದ ಪಿಂಡ್ಲಿಗಿ ರೋಗ ಅಂತಿಯಲ್ಲ. ನಿಮ್ಮ ಪುಸ್ತಕ ಬರ್ದಾವ್ರು ಒಬ್ಬ ಪೈಲ್ವಾನನ್ನರ ಕಂಡಾರೇನು?"

ಆ ರಜೆ ಮುಗಿಯುವವರೆಗೆ ನಮ್ಮ ಮನೆಯ ಕಡೆ ತಲೆ ಎತ್ತಿ ನೋಡಲಿಲ್ಲ. ನನಗೂ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನಾನು ಹೇಳಿದ್ದು ಅವರಿಗೆ ನಾಟಿತ್ತು. ಅವರು ಬಸ್ಕಿ ಕಡಿಮೆ ಮಾಡಲಿಲ್ಲ, ಹೆಚ್ಚು ಮಾಡಿದರು. ಅಲ್ಲಿಯವರೆಗೆ ಬೆಳಿಗ್ಗೆ ಮಾತ್ರ ಹೊಡೆಸುತ್ತಿದ್ದವರು ಸಂಜೆಯೂ ಹೊಡೆಸತೊಡಗಿದರು. ತುದಿಗಾಲಲ್ಲಿ ನಡೆಯುವವನ ಹಿಮ್ಮಡಿಯನ್ನು ಒತ್ತಿ ಒತ್ತಿ ನೆಲಕ್ಕೆ ಹಚ್ಚಿ, ಹಾಗೆಯೇ ನಡೆ ಎಂದು ಗದರತೊಡಗಿದರು. ನಂಬಿಕೆ ಇದ್ದವರು ಹಾಗೆ ಮಾಡುವುದಿಲ್ಲ, ಹೆದರಿದವರು ಮಾಡುತ್ತಾರೆ. ಅವರಿಗೆ ಗೊತ್ತಿದ್ದದ್ದು ಒಂದೇ ಔಷಧ. ಸೋತ ಸ್ನಾಯುವನ್ನು ಮತ್ತೆ ಮತ್ತೆ ದುಡಿಸಿದರೆ ಅದು ಬಲಿಯುತ್ತದೆ. ಜೀವನಪೂರ್ತಿ ಎಷ್ಟೋ ಹುಡುಗರ ಮೇಲೆ ಅದು ನಿಜವಾಗಿತ್ತು. ಹಿಮ್ಮಡಿ ಊರಿದ ಕೂಡಲೇ ಹುಡುಗ ಮೊಣಕಾಲು ಮಡಚಿ ಬೀಳುತ್ತಿದ್ದ. ಬಿದ್ದವನನ್ನು ಎಬ್ಬಿಸಿ ಮತ್ತೆ ಊರಿಸುತ್ತಿದ್ದರು.

ಮುಂದಿನ ರಜೆಗೆ ಬಂದಾಗ ಒಂದು ದಿನ ನಮ್ಮ ಬಾಗಿಲಲ್ಲಿ ನಿಂತಿದ್ದೆ. ಎದುರಿಗೆ ಕಟ್ಟೆಯ ಹತ್ತಿರ ಹುಡುಗ ಬಿದ್ದಿದ್ದ, ಉಸ್ತಾದರು ಏಳು ಏಳು ಎಂದು ರೇಗುತ್ತಿದ್ದರು, ಕೈ ಎತ್ತಿದ್ದರು ಕೂಡ. ಹುಡುಗ ಅಳಲಿಲ್ಲ. ತಲೆ ಎತ್ತಿ, ದೊಡ್ಡವರಿಗೆ ತಿಳಿಸಿ ಹೇಳುವವನ ಹಾಗೆ, "ನಾನಾ, ನಾ ನಾಟಕ ಮಾಡಾಕತ್ತಿಲ್ಲ. ಈ ಕಾಲ ನನ್ನ ಮಾತ ಕೇಳವಲ್ಲವು" ಅಂದ. ತಾಯಿಯ ತಂದೆಯನ್ನು ಅವರು ನಾನಾ ಎನ್ನುತ್ತಾರೆ. ಉಸ್ತಾದರ ಕೈ ಹಾಗೆಯೇ ಮೇಲೆ ನಿಂತಿತು. ಆಮೇಲೆ ಅವರು ಅವನ ಪಕ್ಕದಲ್ಲೇ ಮಣ್ಣಿನಲ್ಲಿ ಕುಳಿತುಬಿಟ್ಟರು. ಸಂಜೆ ನಮ್ಮ ಹೊಸ್ತಿಲ ಹೊರಗೆ ನಿಂತು, "ಹೈದರಾಬಾದಿಗಿ ನಮ್ ಜೋಡಿ ಬರ್ತೀಯೇನ ಬೇಟಾ" ಎಂದು ಕೇಳಿದರು. ಅಲ್ಲಿಯ ಮಾತು ತಿಳಿಯುವುದಿಲ್ಲ ಎಂದಲ್ಲ, ಹೈದರಾಬಾದಿನಲ್ಲಿ ಅವರ ಮನೆಮಾತೇ ನಡೆಯುತ್ತದೆ. ಕೇಳಬೇಕಾದ್ದನ್ನು ಒಬ್ಬರೇ ಕೇಳುವ ಧೈರ್ಯ ಅವರಿಗೆ ಇರಲಿಲ್ಲ.

ದೊಡ್ಡ ದವಾಖಾನೆಯಲ್ಲಿ ಬಹಳ ಪರೀಕ್ಷೆಗಳಾದವು. ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಉರ್ದುವಿನಲ್ಲಿ ಮೆಲ್ಲಗೆ ಹೇಳಿದರು. ಹುಟ್ಟುವಾಗಲೇ ಬಂದ ರೋಗ. ಸ್ನಾಯುವಿನ ಎಳೆಗಳು ಒಂದೊಂದಾಗಿ ಸಾಯುತ್ತ ಹೋಗುತ್ತವೆ. ಸತ್ತ ಜಾಗದಲ್ಲಿ ಕೊಬ್ಬು ತುಂಬಿಕೊಂಡು ಮೀನಖಂಡ ಉಬ್ಬಿ ಕಾಣುತ್ತದೆ. ಮಾತ್ರೆಗಳಿಂದ ಸ್ವಲ್ಪ ತಡ ಮಾಡಬಹುದು, ನಿಲ್ಲಿಸಲು ಆಗುವುದಿಲ್ಲ. ಮೊದಲು ನಡಿಗೆ ಹೋಗುತ್ತದೆ, ಆಮೇಲೆ ಕೈ, ಆಮೇಲೆ ಉಸಿರು. ಬಸ್ಕಿಯಂಥದ್ದನ್ನು ಮಾತ್ರ ಇನ್ನು ಮಾಡಿಸಲೇಬಾರದು, ಇವನ ಸ್ನಾಯು ದುಡಿದಷ್ಟೂ ಹರಿಯುತ್ತದೆ... ಆಪಾ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಉಸ್ತಾದರು ಒಂದೇ ಒಂದು ಮಾತು ಕೇಳಿದರು. ತಮ್ಮ ಪೈಜಾಮಾ ಮೇಲೆತ್ತಿ ಕಾಲು ಮುಂದೆ ಚಾಚಿ, ಇದರಿಂದ ತೆಗೆದು ಅವನಿಗೆ ಹಾಕಲು ಬರುತ್ತದೆಯೇ ಎಂದು. ಡಾಕ್ಟರು ಆ ಕಾಲನ್ನು ಒಂದು ಕ್ಷಣ ನೋಡಿ, ಬರುವುದಿಲ್ಲ ಎಂದು ತಲೆ ಅಲ್ಲಾಡಿಸಿದರು.

ವಾಪಸ್ಸು ಬರುವಾಗ ಬಸ್ಸು ಗುರುಮಠಕಲ್ಲಿನಲ್ಲಿ ಚಹಾಕ್ಕೆ ನಿಂತಿತು. ಹೊರಗೆ ಮಂದಿ ತೆಲುಗಿನಲ್ಲಿ ಜೋರಾಗಿ ಸೀಟಿಗೆ ಜಗಳ ಮಾಡುತ್ತಿದ್ದರು. ಹುಡುಗ ಉಸ್ತಾದರ ಮಡಿಲಲ್ಲಿ ಕಾಲು ಹಾಕಿ ಮಲಗಿದ್ದ. ಅವರು ಅವನ ಮೀನಖಂಡವನ್ನು ಹಿಡಿದುಕೊಂಡು ಕೂತಿದ್ದರು. ಅದನ್ನೇ ನೋಡುತ್ತ, "ನಾ ಬಸ್ಕಿ ಹೊಡಿಸಿದ್ದಕ್ಕ ಹಿಂಗಾತೇನ?" ಎಂದು ಕೇಳಿದರು.

ಇಲ್ಲರಿ ಕಾಕಾ, ಹುಟ್ಟಿದಾಗಿನಿಂದಲೇ ಇತ್ತು, ನೀವು ಏನು ಮಾಡಿದ್ದರೂ ಬಿಟ್ಟಿದ್ದರೂ ಇದು ಬರುವುದೇ ಇತ್ತು ಎಂದು ಹೇಳಿದೆ. ಅದು ನಿಜವೇ. ಆದರೆ ಅವರು ಕೇಳಿದ್ದು ಅದನ್ನಲ್ಲ ಎಂದು ನನಗೂ ಗೊತ್ತಿತ್ತು. ಅವನ ಪಾಲಿಗೆ ಇದ್ದ ಹೆಜ್ಜೆಗಳಲ್ಲಿ ತಾವು ಕಡಿಮೆ ಮಾಡಿದ್ದು ಎಷ್ಟು ಎಂದು ಅವರು ಕೇಳುತ್ತಿದ್ದರು. ಅದನ್ನು ಯಾವ ಡಾಕ್ಟರೂ ಹೇಳಲಾರ. ಮಾರನೆಯ ದಿನ ಬಂದ ಹುಡುಗರನ್ನು ಬಾಗಿಲಿಂದಲೇ ವಾಪಸ್ಸು ಕಳಿಸಿ ಅವರು ತಾಲೀಮು ಮುಚ್ಚಿದರು. ಅಗೆಯುವವರಿಲ್ಲದೆ ಅಖಾಡದ ಮಣ್ಣು ಗಟ್ಟಿಯಾಗಿ ಬಿರುಕು ಬಿಟ್ಟಿತು.

ಹುಡುಗ ಇನ್ನೂ ಕೆಲವು ವರ್ಷ ನಡೆದ. ನಾನು ಊರಿಗೆ ಬಂದಾಗಲೆಲ್ಲ ಅವನ ಕಾಲು ಹಿಡಿದು ಮೆಲ್ಲಗೆ ಚಾಚಿಸುತ್ತಿದ್ದೆ, ಆಪಾಳಿಗೂ ಕಲಿಸಿದೆ. ಅವನು ಎದೆ ಮುಂದೆ ಮಾಡಿ ನಡೆಯುವುದು ಡೌಲಿನಿಂದಲ್ಲ ಎಂದು ಉಸ್ತಾದರಿಗೆ ಬಿಡಿಸಿ ಹೇಳಿದೆ. ಚಪ್ಪೆಯ ಸ್ನಾಯುಗಳು ಸೋತಿದ್ದರಿಂದ ಮೈ ಮುಂದಕ್ಕೆ ಮಡಚಿ ಬೀಳದಿರಲಿ ಎಂದು ಭುಜವನ್ನು ಹಿಂದೆ ಎಸೆಯುತ್ತಾನೆ. ಸೊಂಟ ಕುಸಿಯದಿರಲಿ ಎಂದು ಆ ಕಡೆ ಈ ಕಡೆ ತೂಗುತ್ತಾನೆ. ತೊಡೆಯ ಸ್ನಾಯು ಮೊಣಕಾಲನ್ನು ಹಿಡಿಯಲಾರದು, ಅದಕ್ಕೇ ಬೆರಳ ಮೇಲೆ ನಿಂತು ಮೊಣಕಾಲನ್ನು ನೆಟ್ಟಗೆ ಇಟ್ಟುಕೊಳ್ಳುತ್ತಾನೆ. ಒಂದು ಸೋತರೆ ಇನ್ನೊಂದು ಅದರ ಕೆಲಸ ಮಾಡುತ್ತಿದೆ, ಅವನ ಮೈ ತಾನೇ ಕಂಡುಕೊಂಡ ಉಪಾಯ ಇದು, ಸರಿಪಡಿಸಲು ಹೋದರೆ ಬೀಳುತ್ತಾನೆ ಎಂದೆ. ಉಸ್ತಾದರು ನೆಲ ನೋಡುತ್ತ ಕೇಳಿಸಿಕೊಂಡರು.

"ನಾ ಅದನ್ನೂ ಕಸಗೊಳ್ಳಾಕ ಹೋಗಿದ್ನಲ್ಲ" ಅಂದರು.

ನಡಿಗೆ ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲು ಕಟ್ಟೆಯ ಮೆಟ್ಟಿಲು ಹೋಯಿತು, ಆಮೇಲೆ ಓಣಿ, ಆಮೇಲೆ ಅಂಗಳ. ಕೊನೆಗೆ ಗೋಡೆ ಹಿಡಿದು ಕೋಣೆಯಿಂದ ಕೋಣೆಗೆ... ಒಂದು ಮಳೆಗಾಲದಲ್ಲಿ ಜ್ವರ ಬಂದು ಮಲಗಿದವನು ಜ್ವರ ಬಿಟ್ಟ ಮೇಲೂ ಏಳಲಿಲ್ಲ. ಗಾಲಿ ಕುರ್ಚಿ ಬಂತು, ಆದರೆ ನಮ್ಮ ಓಣಿಯ ಕಲ್ಲುಹಾಸಿಗೆ, ಶಾಲೆಯ ಮೆಟ್ಟಿಲಿಗೆ ಅದು ಬರುತ್ತಿರಲಿಲ್ಲ. ಉಸ್ತಾದರು ಅವನನ್ನು ಬೆನ್ನಿಗೆ ಹಾಕಿಕೊಂಡು ಶಾಲೆಗೆ ಬಿಡುತ್ತಿದ್ದರು, ಹೊತ್ತುಕೊಂಡೇ ತರುತ್ತಿದ್ದರು. ಮಿಲ್ಲಿನ ಕೆಲಸ ಬಿಟ್ಟಿದ್ದರು. ಹುಡುಗ ಮಾತಿನಲ್ಲಿ ಬಲು ಜೋರು. ಅಜ್ಜನ ಹೆಗಲ ಮೇಲಿಂದ ನನ್ನನ್ನು ಕೂಗಿ, "ಅಕ್ಕಾ, ಈಗ ನಾನಾನ ಕಾಲೇ ನನ್ನ ಕಾಲ. ನೋಡ್ರಿ, ಎಷ್ಟ್ ಚಂದ ನಡ್ಯಾಕತ್ತೀನಿ" ಎನ್ನುತ್ತಿದ್ದ. ಉಸ್ತಾದರು ನಗುತ್ತಿದ್ದರು. ಅವರು ಆ ವರ್ಷಗಳಲ್ಲಿ ನಕ್ಕಿದ್ದರೆ ಅವನ ಮಾತಿಗೆ ಮಾತ್ರ.

ಅವನು ಹೈಸ್ಕೂಲು ಮುಗಿಸಿದ. ಮೀಸೆ ಬಂತು. ಕೈಕಾಲು ಸೊರಗಿದರೂ ಮೈ ಭಾರವಾಯಿತು. ಸ್ನಾನಕ್ಕೆ, ಪಾಯಖಾನೆಗೆ, ಮಗ್ಗಲು ಬದಲಿಸಲು ಎಲ್ಲಕ್ಕೂ ಎತ್ತಬೇಕು. ಆಪಾಳಿಗೆ ಒಬ್ಬಳಿಗೇ ಅವನನ್ನು ಎತ್ತಲು ಬರುತ್ತಿರಲಿಲ್ಲ. ಇತ್ತ ಉಸ್ತಾದರಿಗೆ ವಯಸ್ಸಾಗುತ್ತಿತ್ತು. ನಾನು ಆಗ ಯಾದಗಿರಿಯಲ್ಲಿ ಕೆಲಸಕ್ಕೆ ಸೇರಿ ರವಿವಾರ ಊರಿಗೆ ಬರುತ್ತಿದ್ದೆ. ಹಾಗೆ ಬಂದಾಗ ಒಂದು ಬೆಳಿಗ್ಗೆ ಮುಚ್ಚಿದ್ದ ತಾಲೀಮಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಉಸ್ತಾದರು, ಬಿಳಿಗಡ್ಡ ಬೆವರಲ್ಲಿ ತೋಯ್ದಿತ್ತು, ಜಂತಿಗೆ ಕಟ್ಟಿದ ಹಗ್ಗ ಹಿಡಿದುಕೊಂಡು ಬಸ್ಕಿ ಹೊಡೆಯುತ್ತಿದ್ದರು. ಪ್ರತಿ ಸಲ ಏಳುವಾಗ ಮೊಣಕಾಲು ಕಟಕಟ ಎನ್ನುತ್ತಿದ್ದದ್ದು ಬಾಗಿಲವರೆಗೆ ಕೇಳುತ್ತಿತ್ತು. ಈ ವಯಸ್ಸಿಗೆ ಇದು ಯಾಕರಿ ಕಾಕಾ, ಮೊಣಕಾಲು ಸವೆದು ಹೋಗುತ್ತದೆ ಎಂದು ನಾನು ರೇಗಿದೆ. ಅವರು ಹಗ್ಗ ಬಿಟ್ಟು ಕಟ್ಟೆಗೆ ಬಂದು ಕುಳಿತರು.

"ನಾ ಸೋತ್ರ ಅವನ್ನ ಯಾರ ಎತ್ತಬೇಕು? ಅವರವ್ವಗ ಆಗಂಗಿಲ್ಲ. ಹೊರಗಿನ ಮಂದಿ ಒಂದ್ ದಿನ ಎತ್ತಾರು, ಎರಡ್ ದಿನ ಎತ್ತಾರು" ಅಂದರು. ಓಣಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ನಮಾಜ್ ಆದ ಮ್ಯಾಲ ದುವಾ ಏನ್ ಬೇಡ್ತೀನಿ ಗೊತ್ತೇನ ಬೇಟಾ? ಇವ ನನಕಿಂತ ಮೊದ್ಲ ಹೋಗ್ಲಿ ಅಂತ. ಹಿಂಗ ಬೇಡಾವ ಯಾವನರ ಇದ್ದಾನೇನು?"

ನಾನು ಅವರಿಗೆ ಮೊಣಕಾಲು ನೋಯದ ಹಾಗೆ ಎತ್ತುವುದು ಹೇಗೆಂದು ತೋರಿಸಿಕೊಟ್ಟೆ. ಬಗ್ಗಿ ಎತ್ತಬೇಡಿ, ಮೈಗೆ ಹತ್ತಿರ ತೆಗೆದುಕೊಂಡು, ಕಾಲು ಅಗಲಿಸಿ, ತೊಡೆಯ ಬಲದಿಂದ ಏಳಿ ಎಂದೆ. ಅಂಡಿಗೆ ಎತ್ತುತ್ತ ಜನ್ಮ ಕಳೆದವರಿಗೆ ನಾನು ಎತ್ತುವುದನ್ನು ಕಲಿಸುತ್ತಿದ್ದೆ. ಅವರು ಮರ್ಯಾದೆಯಿಂದ ಹೂಂ ಹೂಂ ಎಂದು ಕೇಳಿಸಿಕೊಂಡರು.

ಅವರ ದುವಾ ಫಲಿಸಿತು. ಒಂದು ಚಳಿಗಾಲದಲ್ಲಿ ಹುಡುಗನಿಗೆ ನೆಗಡಿ ಆಯಿತು, ಕೆಮ್ಮಲು ಬಲವಿರಲಿಲ್ಲ. ಉಸಿರೆಳೆಯುವುದೂ ಸ್ನಾಯುಗಳ ಕೆಲಸವೇ ಅಲ್ಲವೇ... ಕಲಬುರಗಿಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಸುದ್ದಿ ಕೇಳಿ ನಾನು ಯಾದಗಿರಿಯಿಂದ ಸಿಕ್ಕ ಬಸ್ಸು ಹತ್ತಿ ಬಂದೆ. ಮನೆಯ ಮುಂದೆ ಜನಾಜಾ ಎತ್ತುತ್ತಿದ್ದರು. ಹೆಗಲು ಕೊಡುವುದು ಪುಣ್ಯದ ಕೆಲಸ, ಅದಕ್ಕೇ ನಾಲ್ಕಾರು ಹೆಜ್ಜೆಗೊಮ್ಮೆ ಒಬ್ಬರು ಬಿಟ್ಟು ಇನ್ನೊಬ್ಬರು ಹೆಗಲು ಕೊಡುತ್ತ ಹೋಗುತ್ತಾರೆ. ಉಸ್ತಾದರು ಬಿಡಲಿಲ್ಲ. ಯಾರು ಬಂದು ಕೈ ಹಾಕಿದರೂ ಬಿಡಲಿಲ್ಲ. ಮುಂದಿನ ಬಲಗಡೆಯ ಹೆಗಲು ಕೊನೆಯವರೆಗೂ ಅವರದೇ. ಆಪಾಳನ್ನು ಹಿಡಿದುಕೊಂಡ ಹೆಂಗಸರ ನಡುವೆ ನಿಂತು ನಾನು ಅವರ ಕಾಲನ್ನೇ ನೋಡುತ್ತಿದ್ದೆ. ಹಿಮ್ಮಡಿ ಊರುತ್ತಿತ್ತು, ಮೊಣಕಾಲು ಭಾರ ತಡೆಯುತ್ತಿತ್ತು, ಸೊಂಟ ಸಮನಾಗಿತ್ತು, ಮೀನಖಂಡ ನೂಕುತ್ತಿತ್ತು. ಆ ಹೊತ್ತಿನಲ್ಲೂ ನನ್ನ ಕಣ್ಣು ಅದನ್ನೇ ಎಣಿಸುತ್ತಿದೆಯಲ್ಲ ಎಂದು ನನ್ನ ಮೇಲೆಯೇ ಅಸಹ್ಯವಾಯಿತು. ಒಂದು ತಪ್ಪು ಹೆಜ್ಜೆ ಇಲ್ಲದೆ ಅವರು ಓಣಿಯ ತಿರುವು ದಾಟಿ ಹೋದರು.

ಕೆಲವು ವಾರಗಳ ಮೇಲೆ ಆಪಾ ಫೋನ್ ಮಾಡಿದಳು. ನಮ್ಮ ಅಬ್ಬಾ ಮಂಚ ಬಿಟ್ಟು ಏಳುತ್ತಿಲ್ಲ, ಲಕ್ವಾ ಹೊಡೆದಿದೆಯೋ ಏನೋ, ಬಂದು ನೋಡು ಅಂದಳು. ಹೋದೆ. ಉಸ್ತಾದರು ಗೋಡೆಗೆ ಒರಗಿ ಕುಳಿತಿದ್ದರು. ಪಕ್ಕದಲ್ಲಿ ಹುಡುಗನ ಖಾಲಿ ಹಾಸಿಗೆಯನ್ನು ಇನ್ನೂ ಸುತ್ತಿರಲಿಲ್ಲ. ನಾನು ಅವರ ಕಾಲನ್ನು ಒಂದೊಂದಾಗಿ ಪರೀಕ್ಷೆ ಮಾಡಿದೆ. ನನ್ನ ಕೈಯನ್ನು ನೂಕಿರಿ ಎಂದೆ, ನೂಕಿದರು. ಎಳೆಯಿರಿ ಎಂದೆ, ಎಳೆದರು. ಹಿಮ್ಮಡಿ, ಮೊಣಕಾಲು, ಚಪ್ಪೆ... ಮೊಣಕಾಲು ಸವೆದಿತ್ತು, ಅದು ನಡೆಯಲಾರದಷ್ಟಲ್ಲ. ನನಗಿಂತ ಗಟ್ಟಿ ಕಾಲು. ಲಕ್ವಾ ಇರಲಿಲ್ಲ, ಏನೂ ಇರಲಿಲ್ಲ. ನನಗೆ ಧೈರ್ಯ ಬಂತು. ದಿನವೂ ರೋಗಿಗಳಿಗೆ ಹೇಳುವ ದನಿಯಲ್ಲೇ, "ಕಾಕಾ, ನಿಮ್ ಕಾಲಿಗಿ ಏನೂ ಆಗಿಲ್ರಿ. ನನ್ನ ಕೈ ಹಿಡೀರಿ, ಏಳ್ರಿ" ಅಂದೆ.

ಅವರು ನನ್ನ ಕೈ ಹಿಡಿಯಲಿಲ್ಲ. ಸಿಟ್ಟಿನಿಂದ ಅಲ್ಲ, ದುಃಖದಿಂದಲೂ ಅಲ್ಲ, ನಿಜವಾಗಿ ನನ್ನಿಂದ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದರು.

"ಎದ್ದು ಯಾರನ್ನ ಎತ್ತಿಕೊಳ್ಳಲಿ, ಬೇಟಾ?"

ನಾನು ಅಲ್ಲೇ ಸ್ವಲ್ಪ ಹೊತ್ತು ಅವರ ಪಾದ ಹಿಡಿದುಕೊಂಡು ಕುಳಿತೆ. ಆಮೇಲೆ ಮತ್ತೊಮ್ಮೆ, ಏಳ್ರಿ ಕಾಕಾ, ಅಂಗಳದವರೆಗಾದರೂ ಬನ್ನಿ ಎಂದೆ. ಅವರು ತಲೆಯಾಡಿಸಿ ಕಣ್ಣು ಮುಚ್ಚಿದರು. ಆ ಬೇಸಿಗೆಯನ್ನು ಅವರು ದಾಟಲಿಲ್ಲ.

ಆಪಾ ಸುರಪುರದಲ್ಲಿ ನಾದಿನಿಯ ಮನೆಯಲ್ಲಿದ್ದಾಳೆ. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾಳೆ, ಇಬ್ಬರೂ ಬೇರೆ ಏನೇನೋ ಮಾತಾಡಿ ಇಡುತ್ತೇವೆ. ನನ್ನ ಕ್ಲಿನಿಕ್ಕಿಗೆ ಬರುವವರು ಬರುತ್ತಲೇ ಇದ್ದಾರೆ. ಒಬ್ಬರಿಗೆ ಮೊಮ್ಮಗಳ ಮದುವೆಯ ಹೊತ್ತಿಗೆ ನಡೆಯಬೇಕು, ಇನ್ನೊಬ್ಬರಿಗೆ ಹೊಲಕ್ಕೆ ಹೋಗಬೇಕು, ಮತ್ತೊಬ್ಬರಿಗೆ ಯಾರ ಆಸರೆಯೂ ಇಲ್ಲದೆ ಬಚ್ಚಲಿಗೆ ಹೋದರೆ ಸಾಕು. ಎಲ್ಲರಿಗೂ ಎಲ್ಲಿಗೋ ಹೋಗುವುದಿದೆ. ಅದಕ್ಕೇ ಅವರು ನೋವು ತಡೆದುಕೊಂಡು ಏಳುತ್ತಾರೆ, ನನ್ನ ಹೆಸರೂ ನಡೆಯುತ್ತಿದೆ. ಹೋಗುವುದು ಎಲ್ಲಿಗೂ ಇಲ್ಲದವರಿಗೆ ಏನು ಹೇಳಬೇಕು ಎಂದು ಇಷ್ಟು ವರ್ಷಗಳಲ್ಲಿ ನಾನು ಕಲಿತಿಲ್ಲ. ಏಳ್ರಿ ಎನ್ನುವುದೊಂದೇ ನನಗೆ ಬರುತ್ತದೆ. ಉಸ್ತಾದರಿಗೂ ಅದನ್ನೇ ಎರಡು ಸಲ ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದಿದ್ದೆ.